ಸತ್ತವಳು ನಗುವವರೆಗೆ

ಹೋದ ಭಾನುವಾರ ಕರಿಬೇವಿನ ಸಸಿ ತರೋಣವೆಂದು ಕೆ.ಆರ್. ಪುರದ ಕಡೆ ರಸ್ತೆ ಬದಿಯ ನರ್ಸರಿಯೊಂದಕ್ಕೆ ಹೋಗಿದ್ದೆ. ಕುಂಡಕ್ಕೆ ಬರೀ ಮಣ್ಣು ಹಾಕಬೇಡಿ, ಸ್ವಲ್ಪ ಕೋಕೋಪೀಟ್ ಬೆರೆಸಿ ಎಂದು ಅಲ್ಲಿಯವನು ಹೇಳಿದ. ತೆಂಗಿನ ನಾರಿನ ಪುಡಿಯನ್ನು ಒತ್ತಿ ಇಟ್ಟಿಗೆಯ ಹಾಗೆ ಮಾಡಿ ಮಾರುತ್ತಾರಲ್ಲ, ಅದು. ನಾನು ಬೇಡ ಎನ್ನುವಷ್ಟರಲ್ಲಿ ಒಂದು ಇಟ್ಟಿಗೆಯನ್ನು ಬಾಂಡ್ಲಿಗೆ ಹಾಕಿ ಪೈಪಿನಿಂದ ನೀರು ಬಿಟ್ಟೇಬಿಟ್ಟ. ಅದು ನೀರು ಕುಡಿಯತೊಡಗಿತು. ಅಂಚು ಸಡಿಲವಾಗಿ, ಮೈ ಬಿರಿದು, ಮೆಲ್ಲಗೆ ಮೇಲೇಳುತ್ತ ಬಾಂಡ್ಲಿಯ ತುಂಬ ಹರಡಿಕೊಂಡಿತು. ಒಂದು ಹನಿ ನೀರೂ ಹೊರಗೆ ಕಾಣಲಿಲ್ಲ. "ಎಷ್ಟ್ ಬಿಟ್ರೂ ಕುಡ್ಕೊಳತ್ತೆ ಮೇಡಂ, ಮೇಲ್ಗಡೆ ನೋಡಿದ್ರೆ ಗೊತ್ತೇ ಆಗಲ್ಲ," ಎಂದು ಹೆಮ್ಮೆಯಿಂದ ಹೇಳಿದ.

ನನಗೆ ಗೊತ್ತಿತ್ತು. ನೆನೆದ ನಾರಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಗೈ ತಣ್ಣಗಾಯಿತು. ಅಲ್ಲೇ ಬೋರಲು ಹಾಕಿದ್ದ ದೊಡ್ಡ ಕುಂಡದ ಮೇಲೆ ಕುಳಿತುಬಿಟ್ಟೆ. ಅವನು ಗಾಬರಿಯಾಗಿ ಕುಡಿಯಲು ನೀರು ತಂದುಕೊಟ್ಟ. ಬಿಸಿಲಿಗೆ ಹೀಗಾಯಿತು ಎಂದೆ. ಬಿಸಿಲೇನೂ ಇರಲಿಲ್ಲ.

ನಾನು ಸ್ವಭಾವತಃ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗ್ಯಾಸ್ ರೆಗ್ಯುಲೇಟರನ್ನು ಆರಿಸಿ ಬಂದು, ಮತ್ತೆ ಹೋಗಿ ಮುಟ್ಟಿ ನೋಡುವ ಜಾತಿ ನನ್ನದು. ಲಿಫ್ಟಿಗೆ ಹೆದರುತ್ತೇನೆ, ಒದ್ದೆ ಸ್ವಿಚ್ಚಿಗೆ ಹೆದರುತ್ತೇನೆ, ಮಕ್ಕಳು ಬಾಯಲ್ಲಿ ಪೆನ್ನಿನ ಮುಚ್ಚಳ ಇಟ್ಟುಕೊಂಡರೆ ನನ್ನ ಗಂಟಲು ಕಟ್ಟುತ್ತದೆ. ದೆವ್ವಕ್ಕೆ ಮಾತ್ರ ಹೆದರುವುದಿಲ್ಲ. ನಮ್ಮದು ಹಲಸೂರಿನ ಬೌದ್ಧ ಮನೆ. ದೃಷ್ಟಿ ತೆಗೆಯುವುದು, ಬಾಗಿಲಿಗೆ ನಿಂಬೆಹಣ್ಣು ಕಟ್ಟುವುದು, ಅಮಾವಾಸ್ಯೆ ದಿನ ಹೊರಗೆ ಹೋಗಬೇಡ ಎನ್ನುವುದು, ಇವೆಲ್ಲ ನಾನು ಹುಟ್ಟುವ ಮೊದಲೇ ಅಪ್ಪನ ಕಾಟಕ್ಕೆ ಮನೆ ಬಿಟ್ಟು ಹೋಗಿದ್ದವು. ನಾವು ಚಿಕ್ಕವರಿದ್ದಾಗ ಸಂಜೆ ಸ್ಮಶಾನದ ಗೋಡೆಯ ಪಕ್ಕವೇ ನಮ್ಮನ್ನು ವಾಕಿಂಗ್ ಕರೆದುಕೊಂಡು ಹೋಗಿ, ನೋಡಿ, ಯಾರೂ ಬರಲಿಲ್ಲ ಅಲ್ವಾ ಎಂದು ಕಡಲೆಕಾಯಿ ಕೊಡಿಸುತ್ತಿದ್ದರು. ಹೀಗೆ ದೆವ್ವದ ಹೆದರಿಕೆ ಬಿಟ್ಟುಹೋಯಿತು. ನಿಜವಾಗಿ ಆಗಬಹುದಾದ ಸಂಗತಿಗಳಿಗೆ ಹೆದರುವುದನ್ನು ಬಿಡಿಸಲು ಅಪ್ಪನಿಂದಲೂ ಆಗಲಿಲ್ಲ.

ನನ್ನ ಕೆಲಸ ಹಲ್ಲು ಮಾಡುವುದು. ಶಿವಾಜಿನಗರದಲ್ಲಿ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರ ಮೇಲಂತಸ್ತಿನಲ್ಲಿ ನಮ್ಮ ಲ್ಯಾಬು. ದಂತವೈದ್ಯರು ತೆಗೆದು ಕಳಿಸಿದ ಅಚ್ಚುಗಳಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲಿನ ಸೆಟ್ ಜೋಡಿಸಿ ಕೊಡುತ್ತೇವೆ. ಇಂಥ ಕೆಲಸದಲ್ಲಿರುವವಳು ದೆವ್ವದ ಸಿನಿಮಾಕ್ಕೆ ಹೋಗಿ ಸಿಕ್ಕಿಕೊಂಡದ್ದು ನನ್ನ ತಂಗಿ ಗೌತಮಿಯಿಂದ.

ಗೌತಮಿ ನನಗಿಂತ ತುಂಬ ಚಿಕ್ಕವಳು. ಅಮ್ಮ ತೀರಿಕೊಂಡಾಗ ಅವಳಿಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಜಡೆ ಹಾಕಿ, ಡಬ್ಬಿ ಕಟ್ಟಿ, ಜ್ವರ ಬಂದರೆ ಪಕ್ಕದಲ್ಲಿ ಕೂತು ಬೆಳೆಸಿದವಳು ನಾನು. ನನಗೆ ಇಲ್ಲದ ಧೈರ್ಯವೆಲ್ಲ ಅವಳ ಪಾಲಿಗೆ ಹೋಗಿತ್ತು. ಕಾಲೇಜಿನಲ್ಲಿ ನಾಟಕ ಹತ್ತಿಸಿಕೊಂಡಳು. ಮನೆಯಲ್ಲೂ ಅದೇ. ಊಟ ಮಾಡುತ್ತ ಮಾಡುತ್ತ ಕಣ್ಣು ಮೇಲೆ ಮಾಡಿ ಬಿದ್ದುಬಿಡುವುದು, ನಾನು ಚೀರಿ ಓಡಿಬಂದರೆ ಹೊಟ್ಟೆ ಹಿಡಿದುಕೊಂಡು ನಗುವುದು. ಅವಳ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ್ದರ ಮೇಲೆ ಹತ್ತಿ ಕೂತಿದೆ. ಸರಿ ಮಾಡಿಸುತ್ತೇನೆ ಎಂದರೆ ಒಪ್ಪಲಿಲ್ಲ. ನಗು ತಡೆದುಕೊಂಡಾಗಲೆಲ್ಲ ಅವಳ ಕೆಳತುಟಿ ಆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಸತ್ತಂತೆ ನಟಿಸುವಾಗ ಅವಳನ್ನು ನಾನು ಹಿಡಿಯುತ್ತಿದ್ದದ್ದೇ ಅದರಿಂದ.

ಅವಳ ನಾಟಕದ ಗೆಳೆಯ ಪ್ರವೀಣನಿಗೆ ಸಿ.ವಿ. ರಾಮನ್ ನಗರದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಅಂಗಡಿ. ಬೇರೆಯವರ ಮದುವೆ ಕತ್ತರಿಸಿ ಅಂಟಿಸಿ ಸಾಕಾಗಿ, ಒಂದು ದೆವ್ವದ ಸಿನಿಮಾ ಮಾಡುತ್ತೇನೆಂದು ಹೊರಟಿದ್ದ. ರಿಚರ್ಡ್ಸ್ ಟೌನಿನಲ್ಲಿ ಕೆಡವಲು ನಿಂತಿದ್ದ ಒಂದು ಹಳೆಯ ಬಂಗಲೆ ಕೆಲವು ವರ್ಷಗಳ ಹಿಂದಿನ ಆ ಮಳೆಗಾಲಕ್ಕೆ ಸಿಕ್ಕಿತ್ತು. ಕತೆ ಇಷ್ಟು: ಗಂಡನ ಮನೆಯವರು ಸೊಸೆಯನ್ನು ಜೀವಂತ ಹೂಳುತ್ತಾರೆ, ಅವಳು ಎದ್ದು ಬರುತ್ತಾಳೆ. ಸೊಸೆ ಗೌತಮಿ. ದೆವ್ವಕ್ಕೆ ಕೋರೆಹಲ್ಲು ಮಾಡಿಕೊಡಿ ಅಕ್ಕ ಎಂದು ಲ್ಯಾಬಿಗೆ ಬಂದ ಪ್ರವೀಣ, ಅಲ್ಲಿದ್ದ ಮೇಣ, ಸಿಲಿಕೋನು, ಒಸಡಿನ ಬಣ್ಣಗಳನ್ನೆಲ್ಲ ನೋಡಿ ಬಾಯಿ ತೆರೆದು ನಿಂತ. ರಕ್ತ, ಗಾಯ, ಸಾವು ಎಲ್ಲ ನೀವೇ ಮಾಡಿಕೊಡಬೇಕು ಎಂದು ಹಟ ಹಿಡಿದ. ನಾನು ಸಾಧ್ಯವೇ ಇಲ್ಲ ಎಂದೆ. ನೀನು ಬಂದರೂ ಸರಿ, ಬರದಿದ್ದರೂ ಸರಿ, ನಾನಂತೂ ಹೂಳಿಸಿಕೊಳ್ತೀನಿ ಎಂದಳು ಗೌತಮಿ.

ಅಂದು ಅಪ್ಪ ನನ್ನೊಬ್ಬಳನ್ನೇ ಕೂರಿಸಿಕೊಂಡು ಹೇಳಿದರು: "ನೀನೂ ಹೋಗು ಸುಜಾತಾ. ನೀನು ಹೆದರ್ತೀಯ ಅಂತಾನೇ ಹೇಳ್ತಿರೋದು. ಅಲ್ಲಿ ಒಬ್ರಾದ್ರೂ ಹೆದರೋರು ಇರ್ಬೇಕು. ಅವಳನ್ನ ನಿನ್ ಕೈಗೆ ಕೊಟ್ಟಿದೀನಿ."

ಹೀಗೆ ನಾನು ಆ ಮಳೆಗಾಲವಿಡೀ ಹೆದರುವ ಕೆಲಸಕ್ಕೆ ಸೇರಿದೆ.

ಬಂಗಲೆಯ ಕಿಟಕಿಗಳಿಗೆಲ್ಲ ಕರಿಬಟ್ಟೆ ಹೊಡೆದಿದ್ದರು. ಹೊರಗೆ ಸ್ಕೂಲ್ ವ್ಯಾನಿನ ಹಾರ್ನು, ತರಕಾರಿ ಗಾಡಿಯವನ ಕೂಗು, ಒಳಗೆ ನಾವು ಮಾಡಿಟ್ಟ ಅಮಾವಾಸ್ಯೆ. ಗೋಡೆ ಒಸರುತ್ತಿತ್ತು. ಲೈಟಿನ ವೈರುಗಳು ನೆಲದ ಮೇಲೆ ಹರಿದಾಡುತ್ತಿದ್ದವು. ಮೊದಲ ದಿನ ನಾನು ಮಾಡಿದ ಕೆಲಸವೆಂದರೆ ಆ ವೈರುಗಳನ್ನು ಕುರ್ಚಿಗಳ ಮೇಲೆ ಎತ್ತಿ ಕಟ್ಟಿಸಿದ್ದು. ಆಮೇಲೆ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುವ ಚಾಕುವನ್ನು ಬೀಗ ಹಾಕಿಸಿ ಇಡಿಸಿದೆ. ಸೆಟ್ಟಿನಲ್ಲಿ ಚಾಕು ಎಂದರೆ ನಾನು ಸಿಲಿಕೋನಿನಲ್ಲಿ ಎರಕ ಹೊಯ್ದದ್ದು ಮಾತ್ರ. ಅಡುಗೆಯವನು ಮಧ್ಯಾಹ್ನದ ಪಲಾವಿಗೆ ನನ್ನ ಹಿಂದೆ ಬಂದು ಚಾಕು ಕೇಳಬೇಕಾಗಿತ್ತು. ಬೆನ್ನ ಹಿಂದೆ ನಗುತ್ತಿದ್ದರು, ನಗಲಿ.

ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ, ಸ್ವಲ್ಪ ಮೈದಾ ಹಾಕಿ ಕದಡಿದರೆ ಕ್ಯಾಮೆರಾಕ್ಕೆ ರಕ್ತ. ಬಾಯಿಗೆ ಹೋದರೂ ಭಯವಿಲ್ಲ. ಭಯವಿದ್ದದ್ದು ಇರುವೆಗಳದು. ಕೊಲೆಯಾದವರನ್ನೆಲ್ಲ ಇರುವೆ ಮುತ್ತಿಕೊಳ್ಳುತ್ತಿದ್ದವು. ಕರುಳಿಗೆ ಪ್ರವೀಣ ರಸೆಲ್ ಮಾರುಕಟ್ಟೆಯಿಂದ ಮೇಕೆಯದೇ ತರೋಣ ಎಂದ. ಹಸಿ ಮಾಂಸ, ಮಳೆಗಾಲ, ಗಾಯದ ಕೈ, ನೊಣ, ನನ್ನ ತಲೆಯೊಳಗೆ ಜ್ವರದ ವಾರ್ಡೇ ಎದ್ದು ನಿಂತಿತು. ಮಾರುಕಟ್ಟೆಗೆ ಹೋಗಿ ದೂರದಿಂದಲೇ ನೋಡಿಕೊಂಡು ಬಂದು, ಹಳೆಯ ಸೀರೆಯ ಫಾಲಿನ ಬಟ್ಟೆ ಹೊಲಿದು, ಹತ್ತಿ ತುಂಬಿ, ಪಾಕದಲ್ಲಿ ಅದ್ದಿ ಕೊಟ್ಟೆ. ಒಡೆಯುವ ಕಿಟಕಿಗೆ ಸಕ್ಕರೆ ಕಾಯಿಸಿ ಗಾಜಿನ ಹಾಗೆ ಹೊಯ್ದಿದ್ದೆ. ಆ ತೇವಕ್ಕೆ ಅದು ಅಂಟಂಟಾಗಿ ಬಾಗಿ ನಿಂತಿತು. ಬಲ್ಬು ಉರಿಯುವ ಪೆಟ್ಟಿಗೆಯಲ್ಲಿಟ್ಟು ಒಣಗಿಸಿದ ಮೇಲೆ ಒಡೆಯಿತು. ಎಲ್ಲವನ್ನೂ ಮೊದಲು ನನ್ನ ಮೈಮೇಲೆ ಮಾಡಿ ನೋಡುತ್ತಿದ್ದೆ. ಹಾಗಾಗಿ ಆ ಸಿನಿಮಾದಲ್ಲಿ ಎಲ್ಲರಿಗಿಂತ ಮುಂಚೆ, ಎಲ್ಲರ ಸಾವನ್ನೂ ಸತ್ತವಳು ನಾನು.

ಲೈಟಿನ ಕೆಲಸ ಸೆಲ್ವಣ್ಣನದು. ಮರ್ಫಿ ಟೌನಿನವನು, ವಯಸ್ಸಾಗಿತ್ತು, ದೊಡ್ಡ ಸಿನಿಮಾಗಳಲ್ಲಿ ಲೈಟು ಹೊತ್ತು ಬೆನ್ನು ಹೋಗಿತ್ತು. ನನ್ನ ಹೆದರಿಕೆಯನ್ನು ನೋಡಿ ನಗದಿದ್ದವನು ಅವನೊಬ್ಬನೇ. ಮನೆಗೆ ಬೆಂಕಿ ಬೀಳುವ ದೃಶ್ಯಕ್ಕೆ ಒಂದು ಕಿಡಿಯೂ ಬೇಡ ಎಂದು ನಾನು ಕೈಮುಗಿದಾಗ, ಕಿತ್ತಳೆ ಬಣ್ಣದ ದೀಪದ ಮುಂದೆ ಚಿಂದಿಬಟ್ಟೆಯ ಗೊಂಚಲನ್ನು ಆಡಿಸಿ ಗೋಡೆಯ ತುಂಬ ಜ್ವಾಲೆ ಎಬ್ಬಿಸಿಕೊಟ್ಟ. ಆದರೆ ಅವನದೊಂದು ಪದ್ಧತಿ ಇತ್ತು. ಕ್ಯಾಮೆರಾ ಮುಂದೆ ಯಾರಾದರೂ ಸತ್ತರೆ, ಡೈರೆಕ್ಟರು ಕಟ್ ಎಂದರೂ ಕ್ಯಾಮೆರಾ ನಿಲ್ಲಿಸುವಂತಿಲ್ಲ. ಸತ್ತವರು ಅದೇ ಜಾಗದಲ್ಲಿ, ಅದೇ ಕ್ಯಾಮೆರಾ ನೋಡಿ ನಗಬೇಕು. ಆಮೇಲೆ ಕುಂಬಳಕಾಯಿ ನಿವಾಳಿಸಿ ಒಡೆಯುತ್ತಾರೆ. ಸಾವಿನ ಚಿತ್ರವೇ ಕೊನೆಯ ಚಿತ್ರವಾಗಿ ಉಳಿಯಬಾರದು ಎನ್ನುವುದು ಸಿನಿಮಾದವರ ನಂಬಿಕೆ. ಸೆಲ್ವಣ್ಣ ಲೈಟಿನ ಹಿಂದಿನಿಂದ "ಸಿರಿಮ್ಮಾ" ಎಂದು ಕೂಗುತ್ತಿದ್ದ. ತಮಿಳಿನಲ್ಲಿ ನಗಮ್ಮ ಎಂದು. ಸತ್ತವರು ಹಲ್ಲು ಬಿಡುತ್ತಿದ್ದರು, ಕ್ಯಾಮೆರಾ ನಿಲ್ಲುತ್ತಿತ್ತು.

ನಾನು ಅಪ್ಪನ ಮಗಳು. ಕುಂಬಳಕಾಯಿ ಒಡೆಯುವಾಗ ಆಚೆ ಹೋಗಿ ನಿಲ್ಲುತ್ತಿದ್ದೆ. ಜಾರಿ ಬೀಳುತ್ತಾರೆ, ಚೂರು ತೆಗೀರಿ ಎಂದು ಗೊಣಗುತ್ತಿದ್ದೆ. ಗೌತಮಿಗೆ ಮಾತ್ರ ಆ ನಗುವ ಆಟ ಭಾರಿ ಇಷ್ಟವಾಯಿತು. ಅವಳು ಬೇಗ ನಗುತ್ತಿರಲಿಲ್ಲ. ಎಲ್ಲರೂ ಕಾಯಲಿ ಎಂದು ಕಣ್ಣು ತೆರೆದುಕೊಂಡು ಹಾಗೇ ಬಿದ್ದಿರುತ್ತಿದ್ದಳು. ನಾನು ದೂರದಿಂದ ಅವಳ ತುಟಿ ನೋಡುತ್ತಿದ್ದೆ. ಹಲ್ಲಿಗೆ ಸಿಕ್ಕಿಕೊಂಡಿದ್ದರೆ ನೆಮ್ಮದಿ.

ಹೂಳುವ ದೃಶ್ಯ ಹತ್ತಿರ ಬಂದಂತೆ ನನ್ನ ನಿದ್ದೆ ಹಾರಿಹೋಯಿತು. ನನ್ನದು ಒಂದೇ ಷರತ್ತು, ಗುಂಡಿ ತೋಡಬಾರದು. ಮಣ್ಣಿನ ಭಾರಕ್ಕೆ ಕರುಣೆಯಿಲ್ಲ, ಎದೆ ಮೇಲೆ ಬಿದ್ದರೆ ಉಸಿರು ಎಳೆಯಲು ಬಿಡುವುದಿಲ್ಲ. ಬಂಗಲೆಯ ಹಾಲ್‌ನ ನೆಲದ ಮೇಲೆಯೇ ಹಲಗೆಯ ಉದ್ದನೆಯ ಪೆಟ್ಟಿಗೆ ಮಾಡಿಸಿದೆ. ಅದರೊಳಗೆ ಗೌತಮಿ ಮಲಗಬೇಕು. ಕತ್ತಿನಿಂದ ಮೊಣಕಾಲಿನವರೆಗೆ ಅವಳ ಮೇಲೆ ಪ್ಲೈವುಡ್ಡಿನ ಒಂದು ಗಿಡ್ಡ ಮಂಚ, ಅವಳ ಮೈಗೆ ತಾಗದಂತೆ. ಮಣ್ಣಿಗೆ ಬದಲು ಕೋಕೋಪೀಟ್. ಬೆರಳ ಸಂದಿಯಲ್ಲಿ ಹಿಡಿದರೆ ಹಾರಿಹೋಗುವಷ್ಟು ಹಗುರ, ಕ್ಯಾಮೆರಾಕ್ಕೆ ಮಾತ್ರ ಥೇಟ್ ಮಣ್ಣು. ಅದೂ ಅವಳ ಕೆನ್ನೆಯ ಮಟ್ಟಕ್ಕೆ ಬಂದಾಗ ನಿಲ್ಲಿಸಿ, ಅವಳನ್ನು ಎಬ್ಬಿಸಿ, ಆ ಜಾಗದಲ್ಲಿ ಒಂದು ಸುಳ್ಳು ಮುಖ ಇಟ್ಟು ಪೂರ್ತಿ ಮುಚ್ಚುವುದು.

ಆ ಸುಳ್ಳು ಮುಖಕ್ಕೆ ಅವಳ ಮುಖದ ಅಚ್ಚು ಬೇಕಿತ್ತು. ಹಲ್ಲಿನ ಅಚ್ಚು ತೆಗೆಯುವ ಪುದೀನಾ ವಾಸನೆಯ ಪುಡಿಯನ್ನೇ ತಣ್ಣೀರಲ್ಲಿ ಕಲಸಿ ಲ್ಯಾಬಿನಲ್ಲಿ ಅವಳ ಮುಖದ ತುಂಬ ಬಳಿದೆ. ಕಣ್ಣು ಮುಚ್ಚಿತು, ಬಾಯಿ ಮುಚ್ಚಿತು, ಎರಡು ಮೂಗಿನ ಹೊಳ್ಳೆ ಮಾತ್ರ ಬಿಟ್ಟೆ. ಅವಳ ಕೈ ನನ್ನ ಕೈಯಲ್ಲಿ. ತೊಂದರೆಯಾದರೆ ಒತ್ತು ಎಂದಿದ್ದೆ. ಅವಳು ಒತ್ತಲಿಲ್ಲ. ಹೊಳ್ಳೆಯ ಹತ್ತಿರ ಬೆರಳಿಟ್ಟೆ, ಗಾಳಿ ತಾಗಲಿಲ್ಲ. ಗೌತಮಿ ಎಂದೆ, ಗೌತೂ ಎಂದೆ, ಕೈ ಅಲ್ಲಾಡಿಸಿದೆ, ಕೈ ಜೋತುಬಿತ್ತು. ನಾನು ಅಚ್ಚನ್ನು ಕಿತ್ತು ಎಸೆದೆ. ಕೆಳಗೆ ಅವಳು ಉಸಿರು ಬಿಗಿಹಿಡಿದುಕೊಂಡು, ತುಟಿ ಹಲ್ಲಿಗೆ ಸಿಕ್ಕಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗು ತಡೆದಿದ್ದಳು. ಅಂದು ಅವಳಿಗೆ ಹೊಡೆದೆ. ಅಚ್ಚು ಮತ್ತೆ ಮೊದಲಿನಿಂದ ತೆಗೆಯಬೇಕಾಯಿತು. ಆ ಕತೆಯನ್ನು ಅವಳು ಸೆಟ್ಟಿನಲ್ಲಿ ಎಲ್ಲರಿಗೂ ನಟಿಸಿ ತೋರಿಸಿ ನಗಿಸಿದಳು.

ಪೆಟ್ಟಿಗೆಯಲ್ಲಿ ಮೊದಲು ಮಲಗಿದವಳೂ ನಾನೇ. ಒಣ ಕೋಕೋಪೀಟನ್ನು ಮೂಟೆಗಟ್ಟಲೆ ಸುರಿಸಿಕೊಂಡೆ. ಪ್ಲೈವುಡ್ ಮಂಚ ಕಿರುಗುಟ್ಟಲೂ ಇಲ್ಲ. ಆದರೂ ಸಮಾಧಾನವಾಗದೆ ಎರಡು ಏರ್ಪಾಡು ಮಾಡಿದೆ. ಒಳಗೆ ಮಲಗಿದವಳ ಹೆಬ್ಬೆರಳಿಗೆ ಒಂದು ದಾರ, ಅದು ಹಲಗೆಯ ತೂತಿನಿಂದ ಹೊರಬಂದು ನನ್ನ ಕೈಯಲ್ಲಿ. ಎಳೆದರೆ ಎಲ್ಲ ನಿಲ್ಲಬೇಕು. ದಾರ ಸುಮ್ಮನಿದ್ದರೆ ಎಲ್ಲ ಸರಿ. ಎರಡನೆಯದು, ಪೆಟ್ಟಿಗೆಯ ಒಂದು ಪಕ್ಕದ ಹಲಗೆಯನ್ನು ಮೊಳೆ ಹೊಡೆಯದೆ ಒಂದೇ ಗೂಟದಲ್ಲಿ ನಿಲ್ಲಿಸಿ ಗೂಟಕ್ಕೆ ಹಗ್ಗ ಕಟ್ಟಿಸಿದ್ದೆ. ಜಗ್ಗಿದರೆ ಹಲಗೆ ಬಿದ್ದು ಒಳಗಿದ್ದದ್ದೆಲ್ಲ ಹೊರಗೆ ಸುರಿಯಬೇಕು. ಪ್ರವೀಣನ ಹುಡುಗರು ಅದಕ್ಕೆ ಪುಕ್ಕಲಕ್ಕನ ಹಗ್ಗ ಎಂದು ಹೆಸರಿಟ್ಟರು. ಕ್ಯಾಮೆರಾ ಚೌಕಟ್ಟಿಗೆ ಅಡ್ಡ ಬರುತ್ತದೆ, ತೆಗೀರಿ ಅಕ್ಕ ಎಂದು ಪ್ರವೀಣ ಎಷ್ಟು ಗೋಗರೆದರೂ ತೆಗೆಯಲಿಲ್ಲ.

ಆ ವಾರವಿಡೀ ಮಳೆ ಹುಯ್ಯಿತು. ಕೋಕೋಪೀಟಿನ ಮೂಟೆಗಳು ಹಿಂದಿನ ವರಾಂಡದಲ್ಲಿದ್ದವು. ಅಲ್ಲಿ ಹೆಂಚು ಒಡೆದಿತ್ತು ಎನ್ನುವುದು ನಮಗೆ ತಿಳಿದದ್ದು ಆಮೇಲೆ. ಆ ಬೆಳಿಗ್ಗೆ ಮೂಟೆ ಹೊತ್ತು ತಂದವರು ಅವತ್ತಿನ ಮಟ್ಟಿಗೆ ಬಂದಿದ್ದ ಹೊಸ ಆಳುಗಳು. ಅವು ಒಣಗಿದ್ದಾಗ ಎಷ್ಟು ಹಗುರವಿದ್ದವು ಎಂದು ಅವರಿಗೆ ಗೊತ್ತಿರಲಿಲ್ಲ. ಸುರಿದಾಗ ಕಪ್ಪಗೆ, ಹಸಿ ನೆಲದ ಹಾಗೆ ಕಂಡಿತು. ಕರಿಬಟ್ಟೆಯ ಕತ್ತಲಲ್ಲಿ ಎಲ್ಲವೂ ಕಪ್ಪಾಗೇ ಇತ್ತು. ಪ್ರವೀಣ ಮಾನಿಟರಿನಲ್ಲಿ ನೋಡಿ, ಇವತ್ತು ಮಣ್ಣು ಮಣ್ಣಿನ ಥರಾನೇ ಕಾಣ್ತಿದೆ ಗುರು ಎಂದು ಖುಷಿಪಟ್ಟ.

ಗೌತಮಿ ಮಲಗಿದಳು. ನಾನು ಅವಳ ಹೆಬ್ಬೆರಳಿಗೆ ದಾರ ಕಟ್ಟಿದೆ, ಎಳೆದು ನೋಡು ಎಂದೆ, ಎಳೆದಳು, ನನ್ನ ಬೆರಳು ಅಲುಗಿತು. ಮಂಚ ಇಟ್ಟೆವು. ನನ್ನನ್ನು ನೋಡಿ ನಾಲಿಗೆ ಚಾಚಿದಳು. ಆಕ್ಷನ್ ಎಂದರು.

ಗಂಡ, ಅತ್ತೆ, ಮೈದುನ ಪಾತ್ರದವರು ಸನಿಕೆಯಿಂದ ಎಳೆದು ಎಳೆದು ಹಾಕಿದರು. ಗೌತಮಿ ಕಿರುಚಿದಳು. ಬೇಡ ಎಂದಳು, ಬಿಟ್ಬಿಡಿ ಎಂದಳು, ಅಪ್ಪಾ ಎಂದಳು. ಎಲ್ಲ ಬರೆದುಕೊಟ್ಟ ಮಾತುಗಳೇ. ನನ್ನ ಕೈಯಲ್ಲಿದ್ದ ದಾರ ಸುಮ್ಮನಿತ್ತು. ಹೊರಗೆ ಮಳೆ ಹೆಂಚಿನ ಮೇಲೆ ಹುಚ್ಚು ಹಿಡಿದಂತೆ ಬಡಿಯುತ್ತಿತ್ತು. ಕಿರುಚಾಟ ಸಣ್ಣಗಾಯಿತು, ಏದುಸಿರಾಯಿತು, ನಿಂತಿತು. ಅವಳು ಅಲ್ಲಿ ಸಾಯಬೇಕಾಗಿತ್ತು, ಸತ್ತಳು. ಕಣ್ಣು ತೆರೆದಿತ್ತು. ಎಷ್ಟು ಚೆನ್ನಾಗಿ ಸತ್ತಳೆಂದರೆ ಅತ್ತೆ ಪಾತ್ರದ ಹೆಂಗಸು ಸನಿಕೆ ಹಿಡಿದೇ ಅತ್ತುಬಿಟ್ಟಳು. ಕಟ್ ಎಂದು ಪ್ರವೀಣ ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಸಿರಿಮ್ಮಾ," ಎಂದ ಸೆಲ್ವಣ್ಣ.

ಗೌತಮಿ ನಗಲಿಲ್ಲ. ಶುರುವಾಯ್ತು ನೋಡು ಇವಳ ಆಟ ಎಂದು ಯಾರೋ ನಕ್ಕರು. ಪ್ರವೀಣ ಕ್ಯಾಮೆರಾದವನಿಗೆ ನಿಲ್ಲಿಸಬೇಡ ಎಂದು ಸನ್ನೆ ಮಾಡಿ ತಾನೂ ಕಾದ. ನನ್ನ ಕೈಯಲ್ಲಿ ದಾರ ಸುಮ್ಮನಿತ್ತು. ಸೆಲ್ವಣ್ಣ ಮತ್ತೆ ಕೂಗಿದ. ಅವನ ದನಿಯಲ್ಲಿ ಏನೋ ಬದಲಾಗಿತ್ತು. ದಾರ ಸುಮ್ಮನಿದೆಯಲ್ಲ ಎಂದು ನನ್ನ ತಲೆ ಹೇಳುತ್ತಿತ್ತು, ಕಾಲು ಮಾತ್ರ ಆಗಲೇ ಪೆಟ್ಟಿಗೆಯ ಕಡೆ ನಡೆದಿತ್ತು. ಬಗ್ಗಿ ಅವಳ ಬಾಯಿ ನೋಡಿದೆ. ಕೆಳತುಟಿ ಸಡಿಲವಾಗಿ ತೆರೆದುಕೊಂಡಿತ್ತು. ಹಲ್ಲಿಗೆ ಸಿಕ್ಕಿರಲಿಲ್ಲ. ಬಣ್ಣ ನಾನು ಬಳಿದ ಬಣ್ಣವಾಗಿರಲಿಲ್ಲ.

ನನಗೆ ಕಿರುಚಲು ಆಗಲಿಲ್ಲ. ಹಗ್ಗ ಹಿಡಿದು ಜಗ್ಗಿದೆ. ಗೂಟ ಬರಲಿಲ್ಲ. ಸೆಲ್ವಣ್ಣ ಲೈಟು ಬಿಟ್ಟು ಓಡಿಬಂದು ನನ್ನ ಹಿಂದೆ ಹಗ್ಗ ಹಿಡಿದ. ಇಬ್ಬರೂ ಜಗ್ಗಿದೆವು. ಗೂಟ ಕಿತ್ತುಬಂತು, ಹಲಗೆ ದೊಪ್ಪೆಂದು ಬಿತ್ತು, ಕಪ್ಪನೆಯ ಒದ್ದೆ ರಾಶಿ ನಮ್ಮ ಕಾಲ ಮೇಲೆ ಜಾರಿ ಕುಸಿಯಿತು. ಅದು ನಿಜವಾದ ಮಣ್ಣಿನಷ್ಟೇ ಭಾರವಿತ್ತು. ನೀರು ಕುಡಿದು ಕುಡಿದು ಕೂತಿದ್ದ ಆ ರಾಶಿಯ ಕೆಳಗೆ ಪ್ಲೈವುಡ್ ಮಂಚ ನಡುವಿನಲ್ಲಿ ಬಾಗಿ ಅವಳ ಎದೆಯ ಮೇಲೆ ಕೂತಿತ್ತು. ಕೈ ಅದರಡಿ ಸಿಕ್ಕಿಕೊಂಡಿತ್ತು. ದಾರದ ತೂತನ್ನು ಒದ್ದೆ ನಾರು ಗಿಡಿದು ಮುಚ್ಚಿತ್ತು. ಎಳೆಯಲು ಬೆರಳು ಆಡಿದ್ದರೂ ದಾರ ಬರುತ್ತಿರಲಿಲ್ಲ. ಸುಮ್ಮನಿದ್ದರೆ ಎಲ್ಲ ಸರಿ ಎಂದು ನಾವೇ ಮಾಡಿಕೊಂಡ ನಿಯಮವನ್ನು ಹಿಡಿದುಕೊಂಡು ನಾನು ನಿಂತಿದ್ದೆ.

ಅವಳನ್ನು ಎಳೆದು ನೆಲದ ಮೇಲೆ ಮಲಗಿಸಿದೆವು. ಎಷ್ಟು ಹೊತ್ತೋ ಗೊತ್ತಿಲ್ಲ. ನನ್ನ ಜೀವನದಲ್ಲಿ ಅದಕ್ಕಿಂತ ಉದ್ದವಾದದ್ದು ಯಾವುದೂ ಇಲ್ಲ. ಅಮ್ಮನ ಮುಖ ನೆನಪಾಯಿತು. ಅಪ್ಪ ಬಾಗಿಲು ತೆಗೆಯುವುದು ಕಣ್ಣಿಗೆ ಕಟ್ಟಿತು, ಅವರಿಗೆ ಏನು ಹೇಳಲಿ ಎನ್ನುವ ವಾಕ್ಯ ಕೂಡ ಮನಸ್ಸಿನಲ್ಲಿ ಶುರುವಾಗಿಬಿಟ್ಟಿತ್ತು. ಆಮೇಲೆ ಅವಳ ಗಂಟಲಿನಿಂದ ತುಕ್ಕು ಹಿಡಿದ ಗೇಟು ತೆಗೆದಂಥ ಸದ್ದು ಬಂತು. ಉಸಿರು ಎಳೆದಳು. ಕೆಮ್ಮಿದಳು, ವಾಂತಿ ಮಾಡಿದಳು, ನನ್ನ ದುಪಟ್ಟಾ ಹಿಡಿದುಕೊಂಡಳು. ಪ್ರವೀಣ ಗೋಡೆಗೆ ಒರಗಿ ಕುಸಿದು ಅಳುತ್ತಿದ್ದ. ಯಾರೋ ಕಿಟಕಿಯ ಕರಿಬಟ್ಟೆಯನ್ನು ಹರಿದು ಹಾಕಿದರು. ಹೊರಗೆ ಮಧ್ಯಾಹ್ನವಿತ್ತು.

ಸೆಲ್ವಣ್ಣ ಅವಳ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ. ಬಾಗಲಾರದ ಬೆನ್ನು ಅವನದು. ಅವಳ ತಲೆ ಮುಟ್ಟಿ, ಕೂಗದೆ, ಬೇಡಿಕೊಳ್ಳುವ ಹಾಗೆ ಹೇಳಿದ: "ಸಿರಿಮ್ಮಾ."

ಗೌತಮಿ ಅವನನ್ನು ನೋಡಿದಳು. ತುಟಿ ನಡುಗಿತು, ಮೆಲ್ಲಗೆ ಹಲ್ಲಿಗೆ ಸಿಕ್ಕಿಕೊಂಡಿತು. ನಕ್ಕಳು. ಅದನ್ನು ನಗು ಎನ್ನಲೂ ಆಗದು, ಅಳು ಎನ್ನಲೂ ಆಗದು. ಆಗ ಸೆಲ್ವಣ್ಣ ತಿರುಗಿ, ಈಗ ಕ್ಯಾಮೆರಾ ನಿಲ್ಲಿಸಿ ಎಂದ. ಅದು ಇನ್ನೂ ಓಡುತ್ತಲೇ ಇತ್ತು.

ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲ, ಎದೆಗೆ ಪೆಟ್ಟಾಗಿದೆ, ರೆಸ್ಟ್ ಬೇಕು ಎಂದರು. ಆ ದಿನದ ಮಟ್ಟಿಗೆ ನನಗೆ ನೆನಪಿರುವುದು ಅಷ್ಟೇ.

ಅಪ್ಪನಿಗೆ ಹೇಳುವ ಧೈರ್ಯ ನನಗಿರಲಿಲ್ಲ, ಅವಳೇ ಹೇಳಿದಳು. ಎಂದಿನಂತೆ ನಟಿಸಿ ತೋರಿಸಲು ಹೋದಳು, ಕೈ ಕಟ್ಟಿ ಕಣ್ಣು ತೆರೆದು ಮಲಗುವವರೆಗೂ ಬಂದು, ಅಲ್ಲಿಂದ ಮುಂದೆ ಆಗದೆ ಎದ್ದು ಕೂತಳು. ಅಪ್ಪ ನನ್ನನ್ನು ಬೈಯಲಿಲ್ಲ. ಆ ಕ್ಯಾಮೆರಾದಲ್ಲಿ ಇದೆಯಂತಲ್ಲ, ತೋರಿಸು ಎಂದರು. ಪ್ರವೀಣ ಕಳಿಸಿದ್ದನ್ನು ಫೋನಿನಲ್ಲಿ ಹಾಕಿದೆ. ಚಿತ್ರದಲ್ಲಿ ಕೊನೆಗೆ ಖಾಲಿ ಪೆಟ್ಟಿಗೆ ಮಾತ್ರ ಇದೆ, ಬಿದ್ದ ಹಲಗೆ, ಹರಡಿದ ಕಪ್ಪು ರಾಶಿ. ಅವಳು ಚೌಕಟ್ಟಿನಿಂದ ಹೊರಗಿದ್ದಾಳೆ. ಕೆಮ್ಮು ಕೇಳುತ್ತದೆ, ನಾನು ಗೌತೂ ಗೌತೂ ಎನ್ನುವುದು ಕೇಳುತ್ತದೆ, ಆಮೇಲೆ ಸೆಲ್ವಣ್ಣನ ದನಿ, ಅದಾದ ಮೇಲೆ ಅವಳ ನಗು. ದೃಷ್ಟಿ ತೆಗೆದ ಕುಂಬಳಕಾಯಿ ರಸ್ತೆಯಲ್ಲಿ ಬಿದ್ದಿದ್ದರೆ ಕಾಲಲ್ಲಿ ಒದ್ದು ನಡೆಯುತ್ತಿದ್ದ ಮನುಷ್ಯ ಅಪ್ಪ. ಫೋನನ್ನು ಕಿವಿಯ ಹತ್ತಿರ ಹಿಡಿದುಕೊಂಡರು.

"ಇನ್ನೊಂದ್ ಸಲ ಹಾಕು," ಎಂದರು. ಅವತ್ತು ಎಷ್ಟು ಸಲ ಹಾಕಿದೆನೋ.

ಸಿನಿಮಾ ಮುಗಿಯಿತು. ಹೂಳುವ ದೃಶ್ಯಕ್ಕೆ ನಾನು ಮಾಡಿದ್ದ ಸುಳ್ಳು ಮುಖವನ್ನೇ ಮೊದಲಿನಿಂದ ಕೊನೆಯವರೆಗೂ ಬಳಸಿದರು. ಗೌತಮಿ ಸತ್ತ ಆ ಶಾಟನ್ನು ಪ್ರವೀಣ ಅಳಿಸಿ ಹಾಕಿದ. ಅದರಂಥ ಶಾಟು ಮತ್ತೆ ಸಿಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಆದರೂ ಅಳಿಸಿದ. ನಗುವಿನ ತುಣುಕು ಮಾತ್ರ ನನ್ನ ಹತ್ತಿರ ಇದೆ. ಬಂಗಲೆ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ಸೆಲ್ವಣ್ಣ ಕೆಲಸ ಬಿಟ್ಟಿದ್ದಾನೆ. ಗೌತಮಿ ಡಬ್ಬಿಂಗ್ ಮಾಡುತ್ತಾಳೆ, ಬೇರೆಯವರ ಮುಖಕ್ಕೆ ಕಿರುಚುತ್ತಾಳೆ, ಗಾಜಿನ ಕೋಣೆಯೊಳಗೆ ನೆಟ್ಟಗೆ ನಿಂತುಕೊಂಡು. ನಾನೂ ಆಗಾಗ ಸಣ್ಣ ಸಿನಿಮಾಗಳಿಗೆ ಗಾಯ, ರಕ್ತ ಮಾಡಿಕೊಡುತ್ತೇನೆ. ದಾರದ ನಿಯಮ ಮಾತ್ರ ಈಗ ತಿರುಗುಮುರುಗು. ಒಳಗಿದ್ದವರು ಆಗಾಗ ಎಳೆಯುತ್ತಲೇ ಇರಬೇಕು, ಎಳೆಯುವುದು ನಿಂತರೆ ನಾನು ಹಗ್ಗ ಜಗ್ಗುತ್ತೇನೆ. ಶಾಟು ಹಾಳಾದರೆ ಹಾಳಾಗಲಿ. ದೃಷ್ಟಿಯಲ್ಲಿ ನನಗೆ ಇವತ್ತಿಗೂ ನಂಬಿಕೆಯಿಲ್ಲ. ಆದರೆ ನನ್ನ ಸೆಟ್ಟಿನಲ್ಲಿ ಸತ್ತವರು ನಗದೆ ಕ್ಯಾಮೆರಾ ನಿಲ್ಲುವುದಿಲ್ಲ.

ನರ್ಸರಿಯಲ್ಲಿ ಕುಂಡದ ಮೇಲೆ ಕೂತೇ ಗೌತಮಿಗೆ ಫೋನ್ ಮಾಡಿದೆ. ಭಾನುವಾರ, ಇನ್ನೂ ಹಾಸಿಗೆಯಲ್ಲಿದ್ದಳು. ಎಲ್ಲಿದೀಯ ಅಕ್ಕ ಎಂದಳು. ನರ್ಸರಿಯಲ್ಲಿ, ಕೋಕೋಪೀಟಿಗೆ ನೀರು ಬಿಟ್ಟುಬಿಟ್ಟ ಎಂದೆ. ಅವಳಿಗೆ ಅಷ್ಟೇ ಸಾಕು.

ಆ ಕಡೆ ಮಾತು ನಿಂತಿತು. ಫ್ಯಾನಿನ ಸದ್ದು ಕೂಡ ಕೇಳಲಿಲ್ಲ. ಇದು ಅವಳ ಆಟ ಎಂದು ನನಗೆ ಗೊತ್ತು. ಗೊತ್ತಿದ್ದೂ ಬಾಂಡ್ಲಿಯ ಕಡೆ ನೋಡದಂತೆ ಮುಖ ತಿರುಗಿಸಿಕೊಂಡೆ.

"ಸಿರಿಮ್ಮಾ," ಎಂದೆ. ನರ್ಸರಿಯವನು ಪೈಪು ಹಿಡಿದುಕೊಂಡೇ ತಿರುಗಿ ನೋಡಿದ.

ನಾನು ಇನ್ನೊಂದು ಕ್ಷಣ ಹೆದರಲಿ ಎಂದು ಗೌತಮಿ ಕಾದಳು, ಆಮೇಲೆ ನಕ್ಕಳು.